ಅಕ್ಷರ ವಿನ್ಯಾಸ: ಓದುವ ಮೊದಲು ಕಣ್ಣು ಕಾಣುವುದೇನು?

ಖಾನಾಪುರದ ಬಸ್ ನಿಲ್ದಾಣದಲ್ಲಿ ನೀವು ನಿಂತಿದ್ದೀರಿ ಎಂದುಕೊಳ್ಳಿ. ಎದುರಿಗೆ ಬಂದು ನಿಂತ ಬಸ್ಸಿನ ಫಲಕದಲ್ಲಿ ‘ಬೀಡಿ’ ಎಂದು ಬರೆದಿದೆ. ಸ್ವಲ್ಪ ದೂರದ ಪಾನ್ ಅಂಗಡಿಯ ತಗಡಿನ ಮೇಲೂ ‘ಬೀಡಿ’ ಎಂದೇ ಬರೆದಿದೆ. ಎರಡು ಕಡೆಯೂ ಅದೇ ಎರಡು ಅಕ್ಷರ, ಅದೇ ಕಾಗುಣಿತ. ಆದರೂ ಕಂಡಕ್ಟರನ ಬಳಿ ಹೋಗಿ ಒಂದು ಕಟ್ಟು ಬೀಡಿ ಕೊಡಿ ಎಂದು ಯಾರೂ ಕೇಳುವುದಿಲ್ಲ. ಅಂಗಡಿಯವನ ಬಳಿ ಬೀಡಿಗೆ ಒಂದು ಟಿಕೆಟ್ ಎನ್ನುವುದೂ ಇಲ್ಲ. ಓದಿದ ಪದ ಒಂದೇ ಆದರೂ ಅರ್ಥ ಬೇರೆಯಾದದ್ದು ಹೇಗೆ?

ಪದವನ್ನು ಓದುವ ಮೊದಲೇ ಕಣ್ಣು ಹಲವು ಸಂಗತಿಗಳನ್ನು ಗ್ರಹಿಸಿರುತ್ತದೆ. ಅಕ್ಷರ ಎಲ್ಲಿದೆ, ಎಷ್ಟು ದೊಡ್ಡದು, ದಪ್ಪವೋ ತೆಳುವೋ, ಅದರ ಸುತ್ತ ಎಷ್ಟು ತೆರಪಿದೆ, ಪಕ್ಕದಲ್ಲಿ ಇನ್ನೇನಿದೆ? ಇವೆಲ್ಲ ಕೂಡಿ ಪದದ ಅರ್ಥವನ್ನು ನಿರ್ಧರಿಸುತ್ತವೆ. ಇದನ್ನು ಶಾಸ್ತ್ರೀಯವಾಗಿ ಕಲಿಸುವ ವಿಷಯಕ್ಕೆ ಟೈಪೋಗ್ರಫಿ ಎಂದು ಹೆಸರು. ಕನ್ನಡದಲ್ಲಿ ಅಕ್ಷರ ವಿನ್ಯಾಸ ಎನ್ನೋಣ. ಅಹಮದಾಬಾದಿನಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಮುಂಬಯಿಯ ಐ.ಐ.ಟಿ.ಯಲ್ಲಿ 1969ರಲ್ಲಿ ಆರಂಭವಾದ ಔದ್ಯೋಗಿಕ ವಿನ್ಯಾಸ ಕೇಂದ್ರ ಮುಂತಾದ ಕಡೆ ಇದು ಪಠ್ಯಕ್ರಮದ ಭಾಗ.

ಭೌತವಿಜ್ಞಾನದ ಮೇಷ್ಟ್ರಿಗೆ ಇದರಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನನಗೆ ಇದರ ಪರಿಚಯವಾದದ್ದು ಒಬ್ಬ ಹಳೆಯ ವಿದ್ಯಾರ್ಥಿನಿಯಿಂದ. ಆಕೆ ಖಾನಾಪುರ ತಾಲ್ಲೂಕಿನ ಬೀಡಿ ಊರಿನವಳು. ಪಿಯುಸಿಯಲ್ಲಿ ವಿಜ್ಞಾನ ಓದಿ, ಮನೆಯವರನ್ನು ಒಪ್ಪಿಸಿ, ವಿನ್ಯಾಸ ಕಲಿಯಲು ಹೋದಳು. ಒಂದು ರಜೆಯಲ್ಲಿ ಮನೆಗೆ ಬಂದವಳು ತನ್ನ ಹಾಳೆಗಳ ಕಟ್ಟನ್ನು ಬಿಚ್ಚಿ, “ಸರ್, ಮೊದಲ ಓದಬ್ಯಾಡ್ರಿ, ಸುಮ್ನ ನೋಡ್ರಿ” ಎಂದಳು. ಆ ಹಾಳೆಗಳನ್ನು ನೋಡುತ್ತಾ ಹೋದಂತೆ ಇದರಲ್ಲಿ ನನ್ನ ವಿಷಯವೂ ಸಾಕಷ್ಟು ಇದೆ, ನಾನು ತರಗತಿಯಲ್ಲಿ ವರ್ಷಗಟ್ಟಲೆ ಮಾಡುತ್ತಾ ಬಂದ ತಪ್ಪುಗಳೂ ಇವೆ ಎಂದು ತಿಳಿಯಿತು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಶಬ್ದಕ್ಕಿಂತ ನಿಧಾನವಾದ ಬೆಳಕು!

ಮೊದಲು ಒಂದು ಘಟನೆ. ಕೆಲವು ವರ್ಷಗಳ ಹಿಂದೆ ಒಂದು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಬೆಳಕಿನ ತರಂಗದೂರವನ್ನು ಕಂಡುಹಿಡಿಯುವ ಒಂದು ಸರಳ ಲೆಕ್ಕ. ಹತ್ತಾರು ಮಕ್ಕಳ ಉತ್ತರ ವಿಚಿತ್ರವಾಗಿ ತಪ್ಪಾಗಿತ್ತು, ಅದೂ ಎಲ್ಲರದೂ ಒಂದೇ ರೀತಿಯ ತಪ್ಪು. ನಕಲು ನಡೆದಿರಬಹುದೆಂದು ಸಂಶಯ ಬಂತು. ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡಿದೆ. ಅಲ್ಲಿ ಬೆಳಕಿನ ವೇಗ ‘3 × 108 ಮೀ/ಸೆ’ ಎಂದು ಅಚ್ಚಾಗಿತ್ತು!

ಮೂಲದಲ್ಲಿ ಅದು 3 × 10⁸ ಆಗಿತ್ತು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಪಠ್ಯವನ್ನು ಸಾಗಿಸುವಾಗ ಮೇಲೆ ಚಿಕ್ಕದಾಗಿ ಕುಳಿತಿದ್ದ 8 ಕೆಳಗಿಳಿದು ಸಾಲಿಗೆ ಸೇರಿಕೊಂಡಿತ್ತು. ಬೆಳಕಿನ ವೇಗವನ್ನು ನೆನಪಿಟ್ಟಿದ್ದ ಮಕ್ಕಳು ತಾವೇ ಸರಿಪಡಿಸಿಕೊಂಡರು. ಪ್ರಶ್ನೆಪತ್ರಿಕೆಯನ್ನು ನಂಬಿದ ಮಕ್ಕಳು 3ನ್ನು 108ರಿಂದ ಗುಣಿಸಿ ಸೆಕೆಂಡಿಗೆ 324 ಮೀಟರ್ ಎಂದು ತೆಗೆದುಕೊಂಡರು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗವೇ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಆ ದಿನ ಬೆಳಕು ಶಬ್ದಕ್ಕಿಂತ ನಿಧಾನವಾಗಿ ಸಾಗಿತು.

ಇಲ್ಲಿ ಒಂದು ಅಂಕಿಯೂ ಬದಲಾಗಿರಲಿಲ್ಲ. 3, 1, 0, 8 ಎಲ್ಲವೂ ಅದೇ ಕ್ರಮದಲ್ಲಿದ್ದವು. ಬದಲಾದದ್ದು ಒಂದು ಅಂಕಿಯ ಗಾತ್ರ ಮತ್ತು ಸ್ಥಾನ ಮಾತ್ರ. ಘಾತಸೂಚಕ ಎಂಬ ಕಲ್ಪನೆಯನ್ನು ನಾವು ಅಕ್ಷರದ ಸ್ಥಾನದ ಮೂಲಕವೇ ಬರೆಯುತ್ತೇವೆ. ವಿಜ್ಞಾನದ ಬರಹದಲ್ಲಿ ವಿನ್ಯಾಸವು ಅಲಂಕಾರ ಎಂದು ತಿಳಿದವರಿಗೆ ಆ ಉತ್ತರ ಪತ್ರಿಕೆಗಳನ್ನು ತೋರಿಸಬೇಕು. ಆ ಮಕ್ಕಳಿಗೆ ಅಂಕ ಕೊಡಿಸಲು ನಾವು ಓಡಾಡಬೇಕಾಯಿತು. ನಮ್ಮ ಕಣ್ಣಿಗೆ ಬೀಳದೇ ಹೋದ ಇಂತಹ ತಪ್ಪುಗಳು ಎಷ್ಟಿವೆಯೋ!

ಕಣ್ಣಿನ ಮಿತಿ, ಕರಿಹಲಗೆಯ ಅಕ್ಷರ

ವಿನ್ಯಾಸ ಕಲಿಯುವವರ ಮೊದಲ ಪಾಠ ‘ಕಾಣಬೇಕು’ ಎಂಬುದು. ಇದು ಭೌತವಿಜ್ಞಾನದ ಪಾಠವೂ ಹೌದು.

ಕಣ್ಣಿನ ಪಾಪೆ ಒಂದು ಚಿಕ್ಕ ವೃತ್ತಾಕಾರದ ರಂಧ್ರ. ಅದರ ಮೂಲಕ ಹಾಯುವಾಗ ಬೆಳಕು ವಿವರ್ತನೆಗೆ ಒಳಗಾಗುತ್ತದೆ. ಹೀಗಾಗಿ ತೀರ ಹತ್ತಿರದ ಎರಡು ಬಿಂದುಗಳ ಬಿಂಬಗಳು ಒಂದರ ಮೇಲೊಂದು ಬಿದ್ದು ಒಂದಾಗಿಬಿಡುತ್ತವೆ. ಅವು ಬೇರೆಯಾಗಿ ಕಾಣಬೇಕಾದರೆ ಕಣ್ಣಿನಲ್ಲಿ ಅವು ಉಂಟುಮಾಡುವ ಕೋನ, ತರಂಗದೂರವನ್ನು ಪಾಪೆಯ ವ್ಯಾಸದಿಂದ ಭಾಗಿಸಿ 1.22ರಿಂದ ಗುಣಿಸಿದಾಗ ಬರುವ ಬೆಲೆಗಿಂತ ಹೆಚ್ಚಿರಬೇಕು. ಹಸಿರು ಬೆಳಕಿನ ತರಂಗದೂರ 550 ನ್ಯಾನೊಮೀಟರ್, ಪಾಪೆಯ ವ್ಯಾಸ 3 ಮಿ.ಮೀ. ಎಂದು ತೆಗೆದುಕೊಂಡರೆ ಈ ಕೋನ ಸುಮಾರು 0.00022 ರೇಡಿಯನ್. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಸಿಗುವುದು ಒಂದು ಮಿನಿಟು ಕೋನ. ನಮಗೆ ಸಿಕ್ಕ ಬೆಲೆ ಅದರ ಮುಕ್ಕಾಲು ಭಾಗ. ಅಕ್ಷಿಪಟಲದ ನಡುಭಾಗದಲ್ಲಿರುವ ಶಂಕುಕೋಶಗಳ ನಡುವಣ ಅಂತರವೂ ಹೆಚ್ಚುಕಡಿಮೆ ಇದಕ್ಕೆ ಹೊಂದುವಂತಿದೆ. ಆದ್ದರಿಂದ ಆರೋಗ್ಯವಂತ ಕಣ್ಣಿನ ಪೃಥಕ್ಕರಣ ಸಾಮರ್ಥ್ಯವನ್ನು ಒಂದು ಮಿನಿಟು ಎಂದು ಹಿಡಿಯುವುದು ರೂಢಿ. ಡಚ್ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಕಣ್ಣಿನ ಪರೀಕ್ಷೆಯ ಪಟ ಇದೇ ಆಧಾರದ ಮೇಲೆ ನಿಂತಿದೆ. ಅದರಲ್ಲಿ ಅಕ್ಷರದ ಒಟ್ಟು ಎತ್ತರ 5 ಮಿನಿಟು, ಅದರ ಪ್ರತಿ ಗೆರೆಯ ದಪ್ಪ 1 ಮಿನಿಟು.

ಈಗ ಇದನ್ನು ಕನ್ನಡಕ್ಕೆ ಅನ್ವಯಿಸೋಣ. ‘ದ’ ಮತ್ತು ‘ಧ’ ಅಕ್ಷರಗಳಿಗೆ ಇರುವ ವ್ಯತ್ಯಾಸವೇನು? ಕೆಳಗಿನ ಒಂದು ಪುಟ್ಟ ಗೀಟು. ಅದು ಕಾಣದೇ ಹೋದರೆ ‘ಧನ ಆವೇಶ’ ‘ದನ ಆವೇಶ’ವಾಗುತ್ತದೆ. ‘ಪ’ ಮತ್ತು ‘ಫ’, ‘ಡ’ ಮತ್ತು ‘ಢ’ಗಳ ಕಥೆಯೂ ಇದೇ. ಈ ಗೀಟಿನ ಉದ್ದ ಅಕ್ಷರದ ಎತ್ತರದ ಹತ್ತನೇ ಒಂದು ಭಾಗ ಎಂದು ಇಟ್ಟುಕೊಳ್ಳಿ. ಕೊನೆಯ ಬೆಂಚು ಕರಿಹಲಗೆಯಿಂದ 8 ಮೀಟರ್ ದೂರದಲ್ಲಿದೆ. ಒಂದು ಮಿನಿಟು ಕೋನಕ್ಕೆ 8 ಮೀಟರ್ ದೂರದಲ್ಲಿ ಸರಿಹೊಂದುವ ಉದ್ದ 2.3 ಮಿ.ಮೀ. ಗೀಟು ಕನಿಷ್ಠ ಇಷ್ಟಿರಬೇಕಾದರೆ ಅಕ್ಷರದ ಎತ್ತರ 23 ಮಿ.ಮೀ. ಇರಬೇಕು. ಇದು ಕಷ್ಟಪಟ್ಟು ಓದುವ ಅಂಚಿನ ಸ್ಥಿತಿ. ಸುಣ್ಣದ ಕಡ್ಡಿಯ ಗೆರೆ ದಪ್ಪವಾದ್ದರಿಂದ ಅಷ್ಟು ಚಿಕ್ಕ ಅಕ್ಷರದ ಒಳಗಿನ ತೆರಪು ಮುಚ್ಚಿಯೇ ಹೋಗುತ್ತದೆ. ಸುಲಭವಾಗಿ ಓದಲು ಇದರ ಎರಡರಷ್ಟಾದರೂ, ಅಂದರೆ ಸುಮಾರು 5 ಸೆಂ.ಮೀ. ಬೇಕು. ನಿಮ್ಮ ಕರಿಹಲಗೆಯ ಬರಹವನ್ನು ಒಮ್ಮೆ ಅಳತೆಪಟ್ಟಿ ಹಿಡಿದು ಅಳೆದು ನೋಡಿ. ನಾನು ಅಳೆದಾಗ ನನ್ನದು 3 ಸೆಂ.ಮೀ. ದಾಟಿರಲಿಲ್ಲ. ಹಿಂದಿನ ಬೆಂಚಿನವರಿಗೆ ಗಮನವಿಲ್ಲ ಎಂದು ಬೈದದ್ದೆಲ್ಲ ಆಗ ನೆನಪಾಯಿತು.

ಕನ್ನಡ ಅಕ್ಷರದ ಮೂರು ಅಂತಸ್ತು

ಗಾತ್ರ ನಿರ್ಧರಿಸಿದ ಮೇಲೆ ಮುಂದಿನ ಪ್ರಶ್ನೆ ಸಾಲುಗಳ ನಡುವಣ ಅಂತರ. ಇಂಗ್ಲಿಷ್ ವಿನ್ಯಾಸದ ಪುಸ್ತಕಗಳ ಸೂತ್ರಗಳನ್ನು ಇಲ್ಲಿ ಹಾಗೆಯೇ ತರಲಾಗದು. ಕನ್ನಡದ ಅಕ್ಷರ ಅಗಲಕ್ಕೆ ಮಾತ್ರವಲ್ಲದೆ ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ನಡುವಿನ ಅಂತಸ್ತಿನಲ್ಲಿ ಮೂಲ ವ್ಯಂಜನ, ಮೇಲೆ ತಲಕಟ್ಟು ಅಥವಾ ಗುಡಿಸು, ಕೆಳಗೆ ಒತ್ತು. ‘ಸ್ಥಿತಿಸ್ಥಾಪಕತ್ವ’ ಎಂಬ ಪದವನ್ನೇ ನೋಡಿ. ಮೊದಲ ಅಕ್ಷರ ‘ಸ್ಥಿ’ಯಲ್ಲಿ ಮೇಲೆ ಗುಡಿಸೂ ಇದೆ, ಕೆಳಗೆ ಒತ್ತೂ ಇದೆ. ‘ಶಾಸ್ತ್ರ’, ‘ರಾಷ್ಟ್ರ’ಗಳಲ್ಲಿ ಒಂದೇ ವ್ಯಂಜನಕ್ಕೆ ಎರಡು ಒತ್ತು. ಸಾಲುಗಳನ್ನು ಒತ್ತಾಗಿ ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆಗ ಆ ಒತ್ತು ಯಾವ ಸಾಲಿಗೆ ಸೇರಿದ್ದೆಂದು ಕಣ್ಣು ಒಂದು ಕ್ಷಣ ತಡವರಿಸುತ್ತದೆ. ಹಾಳೆ ಉಳಿಸಲು ಹೋಗಿ ನಮ್ಮ ಎಷ್ಟೋ ಕೈಪಿಡಿಗಳು ಈ ಸ್ಥಿತಿಗೆ ಬಂದಿವೆ.

ಅಕ್ಷರದ ಗಾತ್ರವನ್ನು ಪಾಯಿಂಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಕಂಪ್ಯೂಟರಿನಲ್ಲಿ ಒಂದು ಪಾಯಿಂಟ್ ಎಂದರೆ ಅಂಗುಲದ 72ನೇ ಒಂದು ಭಾಗ, ಅಂದರೆ 0.35 ಮಿ.ಮೀ. ಆದರೆ 12 ಪಾಯಿಂಟ್ ಎಂದರೆ ಅಕ್ಷರದ ಎತ್ತರ 12 ಪಾಯಿಂಟ್ ಎಂದಲ್ಲ. ಅದು ಹಿಂದೆ ಅಚ್ಚುಮೊಳೆಯ ಸೀಸದ ತುಂಡಿನ ಎತ್ತರವಾಗಿತ್ತು; ಅದರೊಳಗೆ ಅಕ್ಷರ ಎಷ್ಟು ಜಾಗ ತುಂಬಬೇಕೆಂಬುದು ವಿನ್ಯಾಸಕನಿಗೆ ಬಿಟ್ಟದ್ದು. ಆದ್ದರಿಂದಲೇ 12 ಪಾಯಿಂಟಿನ ಎರಡು ಬೇರೆ ಫಾಂಟುಗಳ ಅಕ್ಷರಗಳು ಚಿಕ್ಕವು ದೊಡ್ಡವಾಗಿ ಕಾಣುತ್ತವೆ.

ಬೆಳಗಾವಿ, ಖಾನಾಪುರದ ಕಡೆಯವರಿಗೆ ಇನ್ನೊಂದು ಅನುಭವವಿದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇರುವ ಅಂಗಡಿ ಫಲಕಗಳು ಇಲ್ಲಿ ಸಾಮಾನ್ಯ. ದೇವನಾಗರಿ ಅಕ್ಷರಗಳು ಒಂದು ಶಿರೋರೇಖೆಗೆ ಜೋತುಬಿದ್ದಿರುತ್ತವೆ. ಇಂಗ್ಲಿಷ್ ಅಕ್ಷರಗಳು ಕೆಳಗಿನ ಗೆರೆಯ ಮೇಲೆ ನಿಲ್ಲುತ್ತವೆ. ಕನ್ನಡದ ಹೆಚ್ಚಿನ ಅಕ್ಷರಗಳಿಗೆ ಪ್ರತ್ಯೇಕ ತಲಕಟ್ಟು; ಕೆಳಗೆ ದುಂಡು. ಕಂಪ್ಯೂಟರಿನಲ್ಲಿ ಮೂರಕ್ಕೂ ಒಂದೇ ಪಾಯಿಂಟ್ ಸಂಖ್ಯೆ ಕೊಟ್ಟರೆ ಅವು ಸಮವಾಗಿ ಕಾಣುವುದಿಲ್ಲ. ನಡುವಿನ ಅಂತಸ್ತಿನ ಎತ್ತರವನ್ನು ಅಳೆದು, ಬಳಿಕ ದೂರ ನಿಂತು ಕಣ್ಣಿನಿಂದಲೇ ಸರಿದೂಗಿಸಬೇಕು. ಕುಂಚ ಹಿಡಿದು ಬೋರ್ಡು ಬರೆಯುವ ಪೇಂಟರುಗಳು ಇದನ್ನು ಯಾವ ಪುಸ್ತಕವನ್ನೂ ಓದದೆ ಮಾಡುತ್ತಾ ಬಂದಿದ್ದಾರೆ.

ತಾಮ್ರಪಟದಿಂದ ಯುನಿಕೋಡ್‌ವರೆಗೆ

ಬರೆಯುವ ಸಾಧನ ಬದಲಾದಂತೆ ಅಕ್ಷರವೂ ಪುಟವೂ ಬದಲಾಗಿವೆ. ಬೀಡಿಯಂತೆಯೇ ಖಾನಾಪುರ ತಾಲ್ಲೂಕಿಗೆ ಸೇರಿದ ಹಲಸಿಯಲ್ಲಿ ಆದಿ ಕದಂಬ ಅರಸರ ತಾಮ್ರಪಟಗಳು ದೊರೆತಿವೆ. ಅವುಗಳ ಭಾಷೆ ಸಂಸ್ಕೃತ. ಲಿಪಿ ಇಂದಿನ ಕನ್ನಡ ಲಿಪಿಯ ಪೂರ್ವರೂಪ. ತಾಮ್ರದ ಹಾಳೆಯಲ್ಲಿ ಜಾಗ ಕಡಿಮೆ, ಕೊರೆಯುವ ಕೆಲಸ ಕಷ್ಟ. ಹಳೆಯ ಶಾಸನಗಳಲ್ಲಿ, ತಾಳೆಗರಿಗಳಲ್ಲಿ ಪದಗಳ ನಡುವೆ ತೆರಪು ಬಿಡುವ ರೂಢಿ ಸಾಮಾನ್ಯವಾಗಿ ಇರಲಿಲ್ಲ. ಓದುವವನೇ ಪದಗಳನ್ನು ಬಿಡಿಸಿಕೊಳ್ಳಬೇಕಿತ್ತು. ತಾಳೆಗರಿಯ ನಾರಿನ ದಿಕ್ಕಿನಲ್ಲಿ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ದಕ್ಷಿಣದ ಲಿಪಿಗಳು ದುಂಡಾಗಲು ಇದೂ ಒಂದು ಕಾರಣ ಎಂಬುದು ಹಲವರ ಅಭಿಪ್ರಾಯ.

ಅಚ್ಚು ಬಂದ ಮೇಲೆ ಇನ್ನೊಂದು ತೊಡಕು ಎದುರಾಯಿತು. ವಿಲಿಯಂ ಕೇರಿ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚುಹಾಕಿಸಿದ. ಕನ್ನಡದ ಅಚ್ಚುಮೊಳೆಗಳು ಎಷ್ಟು ಬೇಕು? ಲೆಕ್ಕ ಹಾಕಿ. ವ್ಯಂಜನ 34, ಸ್ವರ 13. ಗುಣಿತಾಕ್ಷರಗಳೇ 442. ಒಂದು ಒತ್ತು ಸೇರಿದರೆ 34 × 34 × 13, ಅಂದರೆ 15,028! ಎಲ್ಲವೂ ಬಳಕೆಯಲ್ಲಿಲ್ಲ, ನಿಜ. ಆದರೂ ಒಂದೊಂದಕ್ಕೂ ಒಂದು ಮೊಳೆ ಎರಕ ಹೊಯ್ಯುವುದು ಅಸಾಧ್ಯ. ಹಾಗಾಗಿ ಅಕ್ಷರ, ಚಿಹ್ನೆ, ಒತ್ತುಗಳನ್ನು ಬೇರೆ ಬೇರೆ ಮೊಳೆಗಳಾಗಿ ಮಾಡಿ ಜೋಡಿಸುವ ಉಪಾಯ ಬಂತು. ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಈ ತೊಡಕನ್ನು ಬೇರೆ ದಾರಿಯಿಂದ ದಾಟಿತು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾದ ಪತ್ರಿಕೆ. ಜಿಡ್ಡು ಮತ್ತು ನೀರು ಒಂದನ್ನೊಂದು ದೂರವಿಡುತ್ತವೆ ಎಂಬ ಸರಳ ತತ್ತ್ವದ ಮೇಲೆ 1796ರಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದ ವಿಧಾನ ಇದು. ಇದರಲ್ಲಿ ಕೈಬರಹವೇ ಅಚ್ಚಾಗುವುದರಿಂದ ಮೊಳೆಯ ಹಂಗಿಲ್ಲ.

ಕಂಪ್ಯೂಟರ್ ಬಂದಾಗ ಹಳೆಯ ತೊಡಕು ಮತ್ತೆ ತಲೆ ಎತ್ತಿತು. ಕೀಲಿಮಣೆಯ ಕೆಲವೇ ಕೀಲಿಗಳಲ್ಲಿ ಇಷ್ಟೊಂದು ಅಕ್ಷರಗಳನ್ನು ಮೂಡಿಸುವುದು ಹೇಗೆ? ಉಚ್ಚಾರಣೆಯ ಕ್ರಮದಲ್ಲೇ ಒತ್ತುವ ತರ್ಕಬದ್ಧ ಕೀಲಿಮಣೆಯನ್ನು ಕೆ.ಪಿ. ರಾವ್ ರೂಪಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದೇ ವಿನ್ಯಾಸವನ್ನು ಅನುಸರಿಸಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಇನ್ನೊಂದು ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣದೆ ಇಂಗ್ಲಿಷಿನ ಗೊಂದಲ ಕಾಣುತ್ತಿತ್ತು. ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಜಾಗವಿದೆ. ಅಲ್ಲಿ ಉಳಿಯುವುದು ಅಕ್ಷರದ ಗುರುತು ಮಾತ್ರ. ಯಾವ ಒತ್ತು ಎಲ್ಲಿ ಕೂರಬೇಕೆಂಬ ನಿಯಮ ಫಾಂಟಿನ ಒಳಗೆ ಇರುತ್ತದೆ. ಮುಂಬಯಿ ಐ.ಐ.ಟಿ.ಯಲ್ಲಿ ಅಕ್ಷರ ವಿನ್ಯಾಸ ಕಲಿಸಿದ ಆರ್.ಕೆ. ಜೋಶಿ (1936–2008) ವಿಂಡೋಸ್‌ನ ‘ತುಂಗಾ’ ಕನ್ನಡ ಫಾಂಟನ್ನು ವಿನ್ಯಾಸಗೊಳಿಸಿದವರು. ಇಂದು ನೋಟೊ, ಬಾಲೂ ತಮ್ಮ, ಅನೇಕ್ ಕನ್ನಡ, ಹುಬ್ಬಳ್ಳಿ ಮುಂತಾದ ಮುಕ್ತ ಯುನಿಕೋಡ್ ಫಾಂಟುಗಳು ಯಾರಿಗೂ ಉಚಿತವಾಗಿ ಸಿಗುತ್ತವೆ. ವಿದ್ಯಾರ್ಥಿಗೆ ಈಗ ಆಯ್ಕೆಯ ಕೊರತೆಯಿಲ್ಲ. ಆಯ್ದುಕೊಳ್ಳಲು ಕಾರಣ ಬೇಕು.

ತೆರಪೂ ಒಂದು ಚಿಹ್ನೆ

ಸಾಲನ್ನು ಓದುವಾಗ ಕಣ್ಣು ಒಂದೇ ಸಮನೆ ಜಾರುವುದಿಲ್ಲ. ಒಂದು ಕಡೆ ತಂಗಿ, ಥಟ್ಟನೆ ಮುಂದಕ್ಕೆ ನೆಗೆದು, ಮತ್ತೆ ತಂಗುತ್ತದೆ. ಓದುವಾಗಿನ ಈ ನೆಗೆತಗಳತ್ತ 19ನೇ ಶತಮಾನದ ಕೊನೆಯಲ್ಲಿ ಗಮನ ಸೆಳೆದವನು ಫ್ರಾನ್ಸಿನ ನೇತ್ರತಜ್ಞ ಎಮಿಲ್ ಜವಾಲ್. ಒಂದೊಂದು ತಂಗುವಿಕೆಯೂ ಸುಮಾರು ಕಾಲು ಸೆಕೆಂಡಿನದು. ಅಕ್ಷಿಪಟಲದಲ್ಲಿ ಅತಿ ಸ್ಪಷ್ಟವಾಗಿ ಕಾಣುವ ನಡುಭಾಗದ ವ್ಯಾಪ್ತಿ ಸುಮಾರು 2 ಡಿಗ್ರಿ. 40 ಸೆಂ.ಮೀ. ದೂರದ ಪುಸ್ತಕದಲ್ಲಿ ಅದು 14 ಮಿ.ಮೀ. ಅಗಲದ ತುಣುಕು. ಇಷ್ಟೇ ಅಗಲದ ಕಿಟಕಿಯಿಂದ ನಾವು ಇಡೀ ಪುಟವನ್ನು ಓದುತ್ತೇವೆ! ಸಾಲು ತೀರ ಉದ್ದವಾದರೆ ಕೊನೆಯಿಂದ ಹಿಂದಿರುಗುವ ಕಣ್ಣು ಮುಂದಿನ ಸಾಲಿನ ಮೊದಲನ್ನು ತಪ್ಪಿಸಿಕೊಳ್ಳುತ್ತದೆ. ತೀರ ಚಿಕ್ಕದಾದರೆ ಕನ್ನಡದ ಉದ್ದ ಪದಗಳು ತುಂಡಾಗುತ್ತವೆ, ಇಲ್ಲವೇ ಪದಗಳ ನಡುವೆ ದೊಡ್ಡ ಕಂದಕಗಳು ಬೀಳುತ್ತವೆ. ಪತ್ರಿಕೆಗಳ ಕಿರಿದಾದ ಅಂಕಣಗಳಲ್ಲಿ ಇದನ್ನು ನೀವು ಕಂಡಿರುತ್ತೀರಿ.

ಹತ್ತಿರ ಇರುವುದನ್ನು ಕಣ್ಣು ಒಂದೇ ಗುಂಪೆಂದು ಭಾವಿಸುತ್ತದೆ. ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ 1923ರ ತನ್ನ ಪ್ರಬಂಧದಲ್ಲಿ ಇಂತಹ ನಿಯಮಗಳನ್ನು ವಿವರಿಸಿದ. ಶಿಕ್ಷಕರಿಗೆ ಇದರಷ್ಟು ಉಪಯುಕ್ತವಾದ ನಿಯಮ ಇನ್ನೊಂದಿಲ್ಲ. ಉಪಶೀರ್ಷಿಕೆಯು ಮೇಲಿನ ಪ್ಯಾರಾಕ್ಕಿಂತ ಕೆಳಗಿನ ಪ್ಯಾರಾಕ್ಕೆ ಹತ್ತಿರ ಇರಲಿ, ಏಕೆಂದರೆ ಅದು ಕೆಳಗಿನದರ ಹೆಸರು. ಹೃದಯದ ಚಿತ್ರದಲ್ಲಿ ಭಾಗಗಳ ಹೆಸರುಗಳನ್ನು ಆಯಾ ಭಾಗದ ಪಕ್ಕದಲ್ಲೇ ಬರೆಯಿರಿ. 1, 2, 3 ಎಂದು ಗುರುತಿಸಿ ಕೆಳಗೆ ಪಟ್ಟಿ ಕೊಟ್ಟರೆ ಮಗುವಿನ ಕಣ್ಣು ಮೇಲೆ ಕೆಳಗೆ ಓಡಾಡಬೇಕು. ‘12 ಕಿ.ಗ್ರಾಂ.’ ಎಂಬಲ್ಲಿ 12 ಒಂದು ಸಾಲಿನ ಕೊನೆಗೂ ಕಿ.ಗ್ರಾಂ. ಮುಂದಿನ ಸಾಲಿಗೂ ಹೋಗದಂತೆ ನೋಡಿಕೊಳ್ಳಿ. ಸಂಖ್ಯೆ ಮತ್ತು ಮಾನ ಸೇರಿದರೆ ಮಾತ್ರ ಅದು ಒಂದು ಪರಿಮಾಣ.

ಪದವೇ ಪ್ರಯೋಗವಾದಾಗ

ಇನ್ನು ವಿದ್ಯಾರ್ಥಿನಿಯ ಹಾಳೆಗಳಿಗೆ ಬರೋಣ. ಅವಳಿಗೆ ಕೊಟ್ಟಿದ್ದ ಅಭ್ಯಾಸ ಹೀಗಿತ್ತು: ಒಂದು ಪದವನ್ನು ಆಯ್ದುಕೊಂಡು, ಅದರ ಅರ್ಥ ನೋಡಿದ ಕೂಡಲೇ ಹೊಳೆಯುವಂತೆ ಬರೆಯಬೇಕು. ಚಿತ್ರ ಸೇರಿಸುವಂತಿಲ್ಲ. ಬಣ್ಣ ಕಪ್ಪೊಂದೇ. ಬದಲಾಯಿಸಬಹುದಾದದ್ದು ಅಕ್ಷರದ ಗಾತ್ರ, ದಪ್ಪ, ಅಂತರ, ಸ್ಥಾನ, ದಿಕ್ಕು ಮಾತ್ರ. ಇದನ್ನು ಅಭಿವ್ಯಕ್ತಿಶೀಲ ಅಕ್ಷರ ವಿನ್ಯಾಸ ಎನ್ನುತ್ತಾರೆ. ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಒಂದೆರಡು ಚರಗಳನ್ನು ಮಾತ್ರ ಬದಲಾಯಿಸುವುದು! ನಮ್ಮ ಪ್ರಯೋಗಾಲಯದ ಶಿಸ್ತೂ ಇದೇ ತಾನೆ?

ಕಲ್ಪನೆ ಹೊಸದೇನೂ ಅಲ್ಲ. ಅಕ್ಷರಗಳನ್ನು ಕಮಲದಂತೆ, ಹಾವಿನಂತೆ ಜೋಡಿಸುವ ಚಿತ್ರಬಂಧಗಳು ನಮ್ಮ ಪ್ರಾಚೀನ ಕಾವ್ಯಪರಂಪರೆಯಲ್ಲಿವೆ. ಫ್ರೆಂಚ್ ಕವಿ ಅಪೊಲಿನೇರ್ ಸಾಲುಗಳನ್ನೇ ಚಿತ್ರವಾಗಿಸಿದ ಕವಿತೆಗಳ ಸಂಕಲನವನ್ನು 1918ರಲ್ಲಿ ಪ್ರಕಟಿಸಿದ.

ಅವಳು ವಿಜ್ಞಾನದ ಪದಗಳನ್ನೇ ಆಯ್ದುಕೊಂಡಿದ್ದಳು. ‘ಗುರುತ್ವ’ದಲ್ಲಿ ಗು, ರು, ತ ಎಲ್ಲವೂ ತಮ್ಮ ಜಾಗದಲ್ಲಿದ್ದವು; ‘ತ್ವ’ದ ವಕಾರದ ಒತ್ತು ಮಾತ್ರ ಕಳಚಿ ಹಾಳೆಯ ತಳಕ್ಕೆ ಬಿದ್ದಿತ್ತು. ಕನ್ನಡದಲ್ಲಿ ಒತ್ತು ಸ್ವಭಾವತಃ ಕೆಳಗೆ ಇರುವಂಥದ್ದು. ಅದನ್ನು ಇನ್ನಷ್ಟು ಕೆಳಗೆ ಬಿಟ್ಟದ್ದೇ ಅವಳ ಜಾಣ್ಮೆ. ಇಂಗ್ಲಿಷಿನಲ್ಲಿ ಇದೇ ಉಪಾಯ ಸಾಧ್ಯವಿಲ್ಲ. ‘ವಿಸರಣೆ’ಯಲ್ಲಿ ‘ವಿ’ ಮತ್ತು ‘ಸ’ ಒತ್ತಾಗಿದ್ದು, ಮುಂದೆ ಹೋದಂತೆ ಅಂತರ ಹೆಚ್ಚುತ್ತಾ ‘ಣೆ’ ಹಾಳೆಯ ಅಂಚಿನಲ್ಲಿತ್ತು. ‘ನಿರ್ವಾತ’ವನ್ನು ದೊಡ್ಡ ಖಾಲಿ ಹಾಳೆಯ ನಡುವೆ ತೀರ ಚಿಕ್ಕದಾಗಿ ಬರೆದಿದ್ದಳು. ಅಲ್ಲಿ ಹೇಳುತ್ತಿದ್ದುದು ಅಕ್ಷರಕ್ಕಿಂತ ಹೆಚ್ಚಾಗಿ ಆ ಖಾಲಿತನ.

‘ಸ್ಥಿತಿಸ್ಥಾಪಕತ್ವ’ ಮಾತ್ರ ಮೊದಲ ಸಲ ಕೆಟ್ಟಿತ್ತು. ರಬ್ಬರಿನಂತೆ ಹಿಗ್ಗಿಸಲು ಕಂಪ್ಯೂಟರಿನಲ್ಲಿ ಅಂತರ ಹೆಚ್ಚಿಸಿದಾಗ, ಇಂಗ್ಲಿಷಿಗಾಗಿ ಮಾಡಿದ ಆ ತಂತ್ರಾಂಶ ‘ಸ’ಕಾರದಿಂದ ಒತ್ತನ್ನು ಬೇರ್ಪಡಿಸಿ ದೂರ ಎಸೆದಿತ್ತು. ಕನ್ನಡದಲ್ಲಿ ಒಡೆಯಬಾರದ ಘಟಕ ಇಡೀ ಅಕ್ಷರ. ಸ್ಥಿ, ತಿ, ಸ್ಥಾ, ಪ, ಕ, ತ್ವ ಹೀಗೆ ಆರು ಘಟಕ. ನಡುವಿನ ಐದು ತೆರಪುಗಳನ್ನು ಮಾತ್ರ ಹಿಗ್ಗಿಸಬಹುದು. ಅವಳು ಕೊನೆಗೆ ಕೈಯಿಂದಲೇ ಕತ್ತರಿಸಿ ಅಂಟಿಸಿದ್ದಳು.

ಕೊನೆಯ ಹಾಳೆಯಲ್ಲಿ ಅವಳ ಊರಿನ ಹೆಸರು. “ಊರು ಯಾವುದು ಅಂತ ಕೇಳಿ, ಬೀಡಿ ಅಂದ ಕೂಡ್ಲೆ ಎಲ್ಲಾರೂ ನಗ್ತಾರ್ರಿ ಸರ್. ಅದಕ್ಕ ಇದನ್ನ ಮಾಡೀನಿ” ಎಂದಳು. ‘ಬೀ’ ಅಕ್ಷರದ ದೀರ್ಘವನ್ನು ಹಾಳೆಯ ಉದ್ದಕ್ಕೂ ಮೆಲ್ಲಗೆ ಅಂಕುಡೊಂಕಾಗಿ ಎಳೆದಿದ್ದಳು. ಅದು ರಸ್ತೆಯಾಗಿತ್ತು. ಅದರ ತುದಿಯಲ್ಲಿ ಪುಟ್ಟದಾಗಿ ‘ಡಿ’ ಕುಳಿತಿತ್ತು, ದೂರದಿಂದ ಕಾಣುವ ಮನೆಯ ಹಾಗೆ. ಅದನ್ನು ನೋಡಿದವರಿಗೆ ತಂಬಾಕು ನೆನಪಾಗುವುದು ಸಾಧ್ಯವೇ ಇರಲಿಲ್ಲ. “ಏನವ್ವ, ಮೊದಲ ಸಲ ಮಾಡಿದ್ದೇ ಇದೇನು?” ಎಂದೆ. “ಇಲ್ರಿ ಸರ್, ನಲವತ್ತನೇದು” ಎಂದಳು.

ಎಷ್ಟು ಸಾಕು?

ಈ ಅಭ್ಯಾಸದ ರುಚಿ ಹತ್ತಿದ ವಿದ್ಯಾರ್ಥಿಗಳು ಎಲ್ಲ ಕಡೆ ಇದನ್ನೇ ಮಾಡಲು ಹೊರಡುತ್ತಾರೆ. ‘ಉಷ್ಣ’ ಎಂಬ ಪದಕ್ಕೆ ಬೆಂಕಿಯ ನಾಲಗೆ, ‘ಶೀತ’ಕ್ಕೆ ಹಿಮದ ಗಡ್ಡೆ ಅಂಟಿಸುತ್ತಾರೆ. ಒಂದು ಪರೀಕ್ಷೆ ಮಾಡಿ: ಅಂಟಿಸಿದ ಚಿತ್ರವನ್ನು ತೆಗೆದುಹಾಕಿದರೆ ಅಕ್ಷರ ಏನಾದರೂ ಹೇಳುತ್ತದೆಯೇ? ಹೇಳದಿದ್ದರೆ ಅಲ್ಲಿ ಅಕ್ಷರ ವಿನ್ಯಾಸ ನಡೆದಿಲ್ಲ.

ಬ್ರಿಟನ್ನಿನಲ್ಲಿ ಅಚ್ಚಿನ ಬಗ್ಗೆ ಬರೆಯುತ್ತಿದ್ದ ಬಿಯಾಟ್ರಿಸ್ ವಾರ್ಡ್ 1930ರ ಒಂದು ಉಪನ್ಯಾಸದಲ್ಲಿ ಅಚ್ಚಿನ ಪುಟವನ್ನು ಪಾರದರ್ಶಕ ಗಾಜಿನ ಪಾತ್ರೆಗೆ ಹೋಲಿಸಿದರು. ಒಳಗಿರುವುದು ಕಾಣಬೇಕು, ಪಾತ್ರೆ ಗಮನ ಸೆಳೆಯಬಾರದು ಎಂಬುದು ಅವರ ವಾದ. ಪಾಠದ ಪುಟಕ್ಕೆ, ಪ್ರಶ್ನೆಪತ್ರಿಕೆಗೆ, ಔಷಧಿಯ ಚೀಟಿಗೆ ಈ ಮಾತು ಸರಿ. ಗೋಡೆಪತ್ರಿಕೆಯ ಶೀರ್ಷಿಕೆ, ವಿಜ್ಞಾನ ಮೇಳದ ಫಲಕ, ಪುಸ್ತಕದ ಮುಖಪುಟಗಳಲ್ಲಿ ಅಕ್ಷರ ಸ್ವಲ್ಪ ದನಿ ಎತ್ತಬಹುದು. ಎಲ್ಲಿ ಯಾವುದು ಬೇಕೆಂದು ತಿಳಿಯುವುದೇ ಈ ಕಲಿಕೆಯ ಹೆಚ್ಚಿನ ಭಾಗ. ಎರಡಕ್ಕೂ ತಳಹದಿ ಒಂದೇ: ಓದುವವನ ಕಣ್ಣಿಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬ ಅರಿವು.

ಮಾಡಿ ನೋಡಿ

1. ಒಂದು ಹಾಳೆಯಲ್ಲಿ ದ, ಧ, ಪ, ಫ, ಷ, ಡ, ಢ ಅಕ್ಷರಗಳನ್ನು 1, 2, 3, 4, 5 ಸೆಂ.ಮೀ. ಎತ್ತರದಲ್ಲಿ ಬೆರಸಿ ಬರೆಯಿರಿ. ಗೋಡೆಗೆ ಅಂಟಿಸಿ, ತರಗತಿಯ ಪ್ರತಿ ಸಾಲಿನಿಂದ ಒಬ್ಬೊಬ್ಬರು ಓದಲಿ. ಯಾವ ದೂರದಲ್ಲಿ ಯಾವ ಗಾತ್ರದ ಅಕ್ಷರ ತಪ್ಪಾಗುತ್ತದೆ ಎಂದು ಕೋಷ್ಟಕ ಮಾಡಿ, ದೂರ ಮತ್ತು ಎತ್ತರಗಳ ನಕ್ಷೆ ಎಳೆಯಿರಿ. ಅದು ಸರಳರೇಖೆಗೆ ಹತ್ತಿರ ಬರುತ್ತದೆಯೇ? ಅದರ ಓರೆಯಿಂದ ಒಂದು ಮಿನಿಟಿನ ನಿಯಮವನ್ನು ಪರೀಕ್ಷಿಸಿ. ಯಾವ ಮಗುವಿಗೆ ಕನ್ನಡಕ ಬೇಕಾಗಬಹುದು ಎಂಬುದೂ ಇದರಿಂದ ಗೊತ್ತಾಗಬಹುದು.

2. ಪಾಠದ ಒಂದೇ ಪ್ಯಾರಾವನ್ನು ಮೂರು ಬೇರೆ ಸಾಲಿನಂತರಗಳಲ್ಲಿ ಅಚ್ಚುಹಾಕಿಸಿ. ಗಟ್ಟಿಯಾಗಿ ಓದಲು ಹಿಡಿಯುವ ಸಮಯವನ್ನೂ ತಡವರಿಸಿದ ಜಾಗಗಳನ್ನೂ ಗುರುತಿಸಿ.

3. ಕಂಪನ, ಘರ್ಷಣೆ, ಗ್ರಹಣ, ಸಾಂದ್ರತೆ, ಸಮತೋಲನ: ಈ ಐದು ಪದಗಳನ್ನು ಮೇಲೆ ಹೇಳಿದ ನಿಯಮಗಳಿಗೆ ಒಳಪಟ್ಟು ಬರೆಯಿರಿ. ಪದ ಓದಲು ಬರಬೇಕು. ಒತ್ತಾಗಲೀ ಅರ್ಕಾವೊತ್ತಾಗಲೀ ಅಕ್ಷರದಿಂದ ಕಾರಣವಿಲ್ಲದೆ ಬೇರೆಯಾಗಬಾರದು. ಒಬ್ಬೊಬ್ಬರೂ ಹತ್ತು ಬಗೆಯಾದರೂ ಮಾಡಿ, ಅದರಲ್ಲಿ ಒಂದನ್ನು ಆರಿಸಿ, ಆರಿಸಿದ್ದಕ್ಕೆ ಕಾರಣ ಬರೆಯಿರಿ. ಪದದ ಅರ್ಥ ತಿಳಿಯದವನು ಅದನ್ನು ಹೀಗೆ ಬರೆಯಲಾರ. ಆದ್ದರಿಂದ ಇದು ವಿಜ್ಞಾನದ ಪರೀಕ್ಷೆಯೂ ಆಗುತ್ತದೆ.

4. ಶಿಕ್ಷಕರಿಗೊಂದು ಕೆಲಸ. ನಿಮ್ಮ ಶಾಲೆಯ ಹಿಂದಿನ ವರ್ಷದ ಒಂದು ಪ್ರಶ್ನೆಪತ್ರಿಕೆಯನ್ನು ತೆಗೆದು, ಘಾತಸೂಚಕ, ಪಾದಾಂಕ, ಮಾನ, ಭಿನ್ನರಾಶಿಗಳನ್ನು ಮಾತ್ರ ಪರೀಕ್ಷಿಸಿ. ನೀರಿನ ಸೂತ್ರದ 2 ಕೆಳಗೆ ಇದೆಯೇ, ಡಿಗ್ರಿಯ ಸೊನ್ನೆ ಮೇಲೆ ಇದೆಯೇ ನೋಡಿ.

ಆ ಘಟನೆಯ ನಂತರ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಪ್ರಶ್ನೆಪತ್ರಿಕೆಯ ಕರಡು ಬಂದಾಗ ಮೊದಲು ಅದನ್ನು ಓದುವುದಿಲ್ಲ. ಕೈಯಳತೆಯ ದೂರದಲ್ಲಿ ಹಿಡಿದು ಸುಮ್ಮನೆ ನೋಡುತ್ತೇನೆ. ಆಮೇಲೆ ಕೆಂಪು ಪೆನ್ನು ಹಿಡಿದು ಮೇಲಿರಬೇಕಾದ ಅಂಕಿಗಳಿಗೆಲ್ಲ ಒಂದೊಂದು ಸುತ್ತು ಹಾಕಿ, ಎಣಿಸಿ, ಮೂಲಪ್ರತಿಯೊಂದಿಗೆ ಹೋಲಿಸುತ್ತೇನೆ. ಹತ್ತು ನಿಮಿಷದ ಕೆಲಸ. ನೀವೂ ಮಾಡಿ.